ದೆಹಲಿಯಲ್ಲಿ ನಾವು ಕೇಳುವ ನ್ಯಾಯ ಹನೂರಿಗೂ ಸಲ್ಲಬೇಕು



ಕರ್ನಾಟಕದ ಹಳೆಯ ಕಾನೂನು ಪುಸ್ತಕಗಳನ್ನು ತೆರೆದವರಿಗೆ ಒಂದು ಅಪರೂಪದ ಮಾತು ಕಾಣಸಿಗುತ್ತದೆ: 'ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ'. ಭೂಪಟದಲ್ಲಿ ಈ ಎರಡು ಊರುಗಳ ನಡುವೆ ಘಟ್ಟವಿದೆ, ಕೊಡಗಿದೆ, ಮೈಸೂರಿದೆ. ಆದರೂ ಕಾನೂನಿನಲ್ಲಿ ಅವು ಜೋಡಿಯಾಗಿವೆ. ಕಾರಣ ಸರಳ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ನಡೆದಾಗ ಮದ್ರಾಸ್ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಬಂದದ್ದು ಎರಡು ಭಾಗಗಳು. ಒಂದು, ಕಾಸರಗೋಡು ತಾಲೂಕನ್ನು ಬಿಟ್ಟು ಉಳಿದ ನಮ್ಮ ದಕ್ಷಿಣ ಕನ್ನಡ ಜಿಲ್ಲೆ. ಇನ್ನೊಂದು, ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲೂಕು. ಒಂದೇ ದಿನ ಒಂದೇ ಮನೆಗೆ ಬಂದವರು ನಾವು.

ಇಂದು ಆ ಹಳೆಯ ತಾಲೂಕು ಕೊಳ್ಳೇಗಾಲ ಮತ್ತು ಹನೂರು ಎಂದು ಎರಡಾಗಿದೆ. ಪಕ್ಕದ ಯಳಂದೂರಿನೊಂದಿಗೆ ಇವು ಚಾಮರಾಜನಗರ ಜಿಲ್ಲೆಯಲ್ಲಿವೆ. ಧರ್ಮಸಭೆಯ ಆಡಳಿತದಲ್ಲಿ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಮಾರ್ಟಳ್ಳಿ, ಸಂದನಪಾಳ್ಯದ ತಮಿಳು ಮಾತಾಡುವ ಕಥೋಲಿಕ ಕುಟುಂಬಗಳು, ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಹೆಸರುಗಳೇ. ತೆರಿಗೆ ಹಾಕುವ ಅಧಿಕಾರ ಯಾರಿಗಿದೆ, ಎಷ್ಟಿದೆ ಎಂಬ ಪ್ರಶ್ನೆಯನ್ನು ಈ ಮೂರು ತಾಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಶ್ಲೇಷಣೆಯಲ್ಲಿ ನೋಡಲು ಬಯಸುತ್ತೇವೆ. ತೆರಿಗೆ ಎಂದೊಡನೆ ಇದು ಲೆಕ್ಕಪರಿಶೋಧಕರ ವಿಷಯ ಎಂದು ಪುಟ ಮಗುಚುವವರಿದ್ದಾರೆ. ಆದರೆ ಒಂದು ಹಳ್ಳಿಗೆ ನೀರು ಬರುತ್ತದೋ ಇಲ್ಲವೋ, ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯಲು ರಸ್ತೆ ಇದೆಯೋ ಇಲ್ಲವೋ ಎಂಬುದು ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಹೊಳೆಯ ಎರಡು ದಡ, ಎರಡು ಖಜಾನೆ

ಕೊಳ್ಳೇಗಾಲದ ಜನರಿಗೆ ಗಡಿ ದಾಟಿದರೆ ತೆರಿಗೆ ಬದಲಾಗುತ್ತದೆ ಎಂಬುದು ಹೊಸ ಸಂಗತಿಯಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೊಳ್ಳೇಗಾಲ ಬ್ರಿಟಿಷರ ಪಾಲಾಗಿ ಮದ್ರಾಸ್ ಆಡಳಿತಕ್ಕೆ ಹೋಯಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗೆ ಅಕ್ಕಪಕ್ಕದ ಎರಡು ಊರುಗಳ ರೈತರಲ್ಲಿ ಒಬ್ಬನ ಕಂದಾಯ ಮದ್ರಾಸಿಗೆ ಹೋದರೆ, ಇನ್ನೊಬ್ಬನದು ಜಹಗೀರುದಾರರಿಗೆ ಹೋಗುತ್ತಿತ್ತು.

ಮದ್ರಾಸ್ ಪ್ರಾಂತ್ಯ ತೆರಿಗೆಯ ಇತಿಹಾಸದಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. ರಾಜಾಜಿಯವರ ಸರಕಾರ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಆರಂಭಿಸಿತು. ಹೆಂಡ ಸಾರಾಯಿಯಿಂದ ಬರುತ್ತಿದ್ದ ಅಬಕಾರಿ ಆದಾಯ ಕೈತಪ್ಪಿದಾಗ ಅದನ್ನು ತುಂಬಿಕೊಳ್ಳಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಕಾನೂನು ತಂದಿತು. ದೇಶದಲ್ಲಿ ಎಲ್ಲ ಬಗೆಯ ಸರಕುಗಳ ಮೇಲೆ ಹಾಕಿದ ಮೊದಲ ಮಾರಾಟ ತೆರಿಗೆ ಅದು. ಮಂಗಳೂರಿನ ವರ್ತಕರೂ ಕೊಳ್ಳೇಗಾಲದ ವರ್ತಕರೂ ಅದನ್ನು ಕಟ್ಟಿದವರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದರೂ ಮದ್ರಾಸಿನ ಕಾನೂನುಗಳು ಕೂಡಲೇ ಹೋಗಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾನೂನು ಜಾರಿಗೆ ಬಂದದ್ದು 1957ರ ಅಕ್ಟೋಬರ್ 1ರಿಂದ.

ಈ ಹಳೆಯ ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಂದಿನ ಸರಕಾರಕ್ಕೆ ತೆರಿಗೆ ಹಾಕುವ ಸ್ವಂತ ಅಧಿಕಾರವಿತ್ತು. ಆದುದರಿಂದಲೇ ಪಾನನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಮಾತು, ಒಂದು ನೀತಿಯನ್ನು ಆರಿಸಿಕೊಂಡು ಅದರ ವೆಚ್ಚವನ್ನು ತಾನೇ ಭರಿಸಲು ಅದಕ್ಕೆ ಸಾಧ್ಯವಾಯಿತು. ಇಂದಿನ ರಾಜ್ಯ ಸರಕಾರಕ್ಕೆ ಅಷ್ಟು ಸ್ವಾತಂತ್ರ್ಯ ಇದೆಯೇ?

ರಾಜ್ಯದ ಕೈಯಲ್ಲಿ ಉಳಿದದ್ದು

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂತು. ರಾಜ್ಯಗಳು ತಮ್ಮ ಮೌಲ್ಯವರ್ಧಿತ ತೆರಿಗೆಯನ್ನೂ ಕೇಂದ್ರವು ತನ್ನ ಅಬಕಾರಿ ಮತ್ತು ಸೇವಾ ತೆರಿಗೆಗಳನ್ನೂ ಬಹುಪಾಲು ಒಂದೇ ಬುಟ್ಟಿಗೆ ಹಾಕಿದವು. ದರ ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಪಾಲು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಉಳಿದ ಎರಡು ಪಾಲು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಹಾಗಾಗಿ ಕೇಂದ್ರ ಒಪ್ಪದೆ ಏನೂ ಆಗದು. ಒಂದು ರಾಜ್ಯ ಮಾತ್ರ ಒಪ್ಪದಿದ್ದರೆ ಏನೂ ನಿಲ್ಲದು. ಮಂಡಳಿಯ ಶಿಫಾರಸುಗಳು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತಾದರೂ, ದೇಶದ ಮಾರುಕಟ್ಟೆ ಒಂದಾಗಿರುವಾಗ ಯಾವ ರಾಜ್ಯವೂ ಸುಲಭವಾಗಿ ಬೇರೆ ದಾರಿ ಹಿಡಿಯಲಾರದು.

ಕೊಳ್ಳೇಗಾಲದ ರೇಷ್ಮೆಯನ್ನೇ ನೋಡೋಣ. ರೇಷ್ಮೆ ಬಟ್ಟೆಯ ಮೇಲೆ ಶೇ. 5 ಜಿಎಸ್‌ಟಿ ಇದೆ. ನೇಕಾರರಿಗೆ ಕಷ್ಟಕಾಲ ಬಂದಾಗ ಕೊಳ್ಳೇಗಾಲದ ಸೀರೆಗೆ ತೆರಿಗೆ ಬಿಡೋಣ ಎಂದು ಬೆಂಗಳೂರು ಬಯಸಿದರೂ ತಾನೊಂದೇ ಅದನ್ನು ಮಾಡುವಂತಿಲ್ಲ. ಇನ್ನೊಂದು ಸಂಗತಿಯೂ ಇದೆ. ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಸರಕು ತಯಾರಾದ ಊರಿಗಲ್ಲ, ಕೊಳ್ಳುವವರು ಇರುವ ರಾಜ್ಯಕ್ಕೆ ಹೋಗುತ್ತದೆ. ಕೊಳ್ಳೇಗಾಲದಲ್ಲಿ ನೇಯ್ದ ಸೀರೆ ಚೆನ್ನೈಯ ಅಂಗಡಿಯಲ್ಲಿ ಮಾರಾಟವಾದರೆ ರಾಜ್ಯದ ಪಾಲಿನ ತೆರಿಗೆ ತಮಿಳುನಾಡಿಗೆ. ತಯಾರಿಸುವ ರಾಜ್ಯಗಳಿಗೆ ಆಗುವ ನಷ್ಟಕ್ಕೆಂದೇ ಐದು ವರ್ಷಗಳ ಪರಿಹಾರವನ್ನು ಕಾನೂನಿನಲ್ಲಿ ಸೇರಿಸಲಾಗಿತ್ತು. ಆ ಅವಧಿ 2022ರ ಜೂನ್ ಅಂತ್ಯಕ್ಕೆ ಮುಗಿಯಿತು.

ರಾಜ್ಯದ ಸ್ವಂತ ಕೈಯಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು: ಪೆಟ್ರೋಲ್ ಮತ್ತು ಡೀಸೆಲ್ ಮಾರಾಟ ತೆರಿಗೆ, ಮದ್ಯದ ಅಬಕಾರಿ, ಆಸ್ತಿ ನೋಂದಣಿ ಮತ್ತು ಮುದ್ರಾಂಕ ಶುಲ್ಕ, ವಾಹನ ತೆರಿಗೆ, ವಿದ್ಯುತ್ ತೆರಿಗೆ. ವೃತ್ತಿ ತೆರಿಗೆಯೂ ಇದೆ; ಆದರೆ ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ ಎಂದು ಸಂವಿಧಾನವೇ ಮಿತಿ ಹಾಕಿದೆ. ಹೀಗಾಗಿ ಹಣದ ಅಗತ್ಯ ಬಿದ್ದಾಗಲೆಲ್ಲ ಸರಕಾರ ಇದೇ ಕೆಲವು ಗುಂಡಿಗಳನ್ನು ಒತ್ತುತ್ತದೆ. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ, ಡೀಸೆಲ್ ಮೇಲಿನದ್ದನ್ನು ಶೇ. 14.34ರಿಂದ 18.44ಕ್ಕೆ ಏರಿಸಿತು. ಕಾಸರಗೋಡಿನ ನಮ್ಮ ಬಾಂಧವರು ತಲಪಾಡಿಯಲ್ಲಿ, ಹನೂರಿನ ಜನ ಪಾಲಾರ್ ಗಡಿಯಲ್ಲಿ ಪಂಪಿನ ದರಪಟ್ಟಿ ನೋಡಿಯೇ ವಾಹನ ನಿಲ್ಲಿಸುವುದು ಇದೇ ಕಾರಣಕ್ಕೆ. ಮದ್ಯದ ಆದಾಯದ ಮೇಲೆ ಸರಕಾರ ಇಷ್ಟು ಅವಲಂಬಿತವಾಗಿರುವುದು ಎಂಥ ಸಂಕಟ ಎಂಬುದನ್ನು ಮದ್ಯವ್ಯಸನಿಗಳ ಕುಟುಂಬಗಳ ನಡುವೆ ಕೆಲಸ ಮಾಡುವ ನಮ್ಮ ಧರ್ಮಭಗಿನಿಯರಿಗೆ ವಿವರಿಸಬೇಕಾಗಿಲ್ಲ.

'ನನ್ನ ತೆರಿಗೆ ನನ್ನ ಹಕ್ಕು'

ಸ್ವಂತ ಅಧಿಕಾರ ಕಡಿಮೆಯಾದಷ್ಟೂ ಕೇಂದ್ರದಿಂದ ಬರುವ ಪಾಲು ಮುಖ್ಯವಾಗುತ್ತದೆ. ಆ ಪಾಲನ್ನು ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಗೊತ್ತುಮಾಡುತ್ತದೆ. 14ನೇ ಆಯೋಗದ ಅವಧಿಯಲ್ಲಿ, ಅಂದರೆ 2015ರಿಂದ 2020ರವರೆಗೆ, ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕಕ್ಕೆ ಶೇ. 4.713 ಸಿಗುತ್ತಿತ್ತು. 15ನೇ ಆಯೋಗ 2021ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಅದನ್ನು ಶೇ. 3.647ಕ್ಕೆ ಇಳಿಸಿತು. ಜತೆಗೆ, ಕೇಂದ್ರ ವಿಧಿಸುವ ಸೆಸ್ ಮತ್ತು ಸರ್ಚಾರ್ಜ್‌ಗಳು ಈ ಹಂಚಿಕೆಗೆ ಒಳಪಡುವುದಿಲ್ಲ. ಅವು ಪೂರ್ತಿಯಾಗಿ ಕೇಂದ್ರದಲ್ಲೇ ಉಳಿಯುತ್ತವೆ. 2020-21ಕ್ಕೆ ಆಯೋಗ ಶಿಫಾರಸು ಮಾಡಿದ 5,495 ಕೋಟಿ ರೂಪಾಯಿ ವಿಶೇಷ ಅನುದಾನವೂ ಕರ್ನಾಟಕಕ್ಕೆ ಬರಲಿಲ್ಲ.

ಇದನ್ನು ಪ್ರತಿಭಟಿಸಿ 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಸಚಿವ ಸಂಪುಟವೂ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತರು. ಮರುದಿನ ಕೇರಳದ ಸರಕಾರ ಅಲ್ಲಿಗೆ ಬಂತು. 'ನನ್ನ ತೆರಿಗೆ ನನ್ನ ಹಕ್ಕು' ಎಂಬ ಘೋಷಣೆ ಮನೆಮಾತಾಯಿತು. ಹಣಕಾಸು ಆಯೋಗ ಸ್ವತಂತ್ರ ಸಂಸ್ಥೆ, ಸೂತ್ರವನ್ನು ಅದು ಮಾಡಿದೆ, ನಾವಲ್ಲ ಎಂಬುದು ಕೇಂದ್ರದ ಉತ್ತರ.

ಪಕ್ಷಗಳ ಜಗಳದಲ್ಲಿ ನಾವು ಯಾರ ಪರವೂ ನಿಲ್ಲಬೇಕಾಗಿಲ್ಲ. ಕರ್ನಾಟಕದ ಅಹವಾಲಿನಲ್ಲಿ ಹುರುಳಿದೆ ಎಂದೇ ನಮ್ಮ ಅಭಿಪ್ರಾಯ. ಹಂಚಿಕೆಗೆ ಒಳಪಡದ ಸೆಸ್‌ಗಳು ಬೆಳೆಯುತ್ತಾ ಹೋದರೆ ಹಂಚಿಕೆ ಎಂಬ ಮಾತಿಗೇ ಅರ್ಥ ಉಳಿಯದು. ಆದರೆ ಆ ಘೋಷಣೆಯನ್ನು ಸ್ವಲ್ಪ ಎಳೆದು ನೋಡೋಣ. ರಾಜ್ಯದ ತೆರಿಗೆ ಆದಾಯದಲ್ಲಿ ದೊಡ್ಡ ಪಾಲು ಬೆಂಗಳೂರಿನದು. ನಾಳೆ ಬೆಂಗಳೂರಿನವರು ನಮ್ಮ ತೆರಿಗೆ ನಮಗೇ ಎಂದರೆ ಹನೂರಿಗೆ ಉಳಿಯುವುದೇನು? ಬಂದರು, ವಿಮಾನ ನಿಲ್ದಾಣ, ತೈಲ ಶುದ್ಧೀಕರಣಾಗಾರ, ಬ್ಯಾಂಕು, ಕಾಲೇಜುಗಳಿರುವ ಕರಾವಳಿಯವರಾದ ನಾವು ಅದೇ ಮಾತನ್ನು ಯಳಂದೂರಿಗೆ ಹೇಳಬಹುದೇ? ಬಿಹಾರಕ್ಕೆ ನಾವು ಹೇಳುವ ಮಾತನ್ನು ಬೆಂಗಳೂರು ನಮ್ಮದೇ ರಾಜ್ಯದ ಬಡ ತಾಲೂಕಿಗೆ ಹೇಳಿದರೆ ಅದನ್ನು ನ್ಯಾಯ ಎನ್ನಲು ನಮಗೆ ಸಾಧ್ಯವಿಲ್ಲ. ಆದುದರಿಂದ ಇಲ್ಲಿ ಹಕ್ಕಿನ ಜತೆಗೆ ಇನ್ನೊಂದು ಅಳತೆಗೋಲೂ ಬೇಕು.

ಕಾನೂನು ಒಂದೇ, ಬಲ ಬೇರೆ

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯತ್‌ಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟಿತು. ಆದರೆ ತೆರಿಗೆಯ ವಿಷಯದಲ್ಲಿ ಅದು ಆಡಿದ್ದು ಎಚ್ಚರಿಕೆಯ ಮಾತು. 243ಎಚ್ ವಿಧಿಯ ಪ್ರಕಾರ ರಾಜ್ಯ ಶಾಸಕಾಂಗ ಪಂಚಾಯತ್‌ಗಳಿಗೆ ತೆರಿಗೆ ಹಾಕುವ ಅಧಿಕಾರವನ್ನು ಕೊಡಬಹುದು, ಕೊಡಲೇಬೇಕು ಎಂದಿಲ್ಲ. ಕರ್ನಾಟಕ ಅದೇ ವರ್ಷದ ತನ್ನ ಪಂಚಾಯತ್ ರಾಜ್ ಕಾನೂನಿನಲ್ಲಿ ಗ್ರಾಮ ಪಂಚಾಯತ್‌ಗಳಿಗೆ ಕಟ್ಟಡ ಮತ್ತು ಕೃಷಿಯೇತರ ಜಾಗದ ತೆರಿಗೆ, ನೀರಿನ ದರ, ಸಂತೆ ಶುಲ್ಕ, ಜಾಹೀರಾತು ತೆರಿಗೆ ಮುಂತಾದವನ್ನು ಕೊಟ್ಟಿತು. ತಾಲೂಕು ಪಂಚಾಯತ್ ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ ತೆರಿಗೆ ಹಾಕುವ ಸ್ವಂತ ಅಧಿಕಾರ ಇಲ್ಲವೆಂದೇ ಹೇಳಬೇಕು. ಅವು ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುವ ಸಂಸ್ಥೆಗಳಾಗಿವೆ. ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಕೂಡ ನಡೆಯಲಿಲ್ಲ.

ಈಗ ಎರಡು ಗ್ರಾಮ ಪಂಚಾಯತ್‌ಗಳನ್ನು ಮನಸ್ಸಿಗೆ ತಂದುಕೊಳ್ಳಿ. ಒಂದು ಸುರತ್ಕಲ್ ಅಥವಾ ಬೆಂಗಳೂರಿನ ಹೊರವಲಯದ್ದು. ಅಲ್ಲಿ ವಸತಿ ಸಮುಚ್ಚಯಗಳು, ಗೋದಾಮುಗಳು, ಕಾರ್ಖಾನೆಗಳು, ವಾಣಿಜ್ಯ ಮಳಿಗೆಗಳು. ಇನ್ನೊಂದು ಹನೂರು ತಾಲೂಕಿನದ್ದು. ಅಲ್ಲಿ ಮಳೆಯಾಶ್ರಿತ ಹೊಲ, ಸಣ್ಣ ಮನೆಗಳು, ಸುತ್ತ ಕಾಡು. ಕಾನೂನು ಎರಡಕ್ಕೂ ಕೊಟ್ಟಿರುವ ಅಧಿಕಾರ ಅಕ್ಷರಶಃ ಒಂದೇ. ಆದರೆ ಹೊಲಕ್ಕೆ ಪಂಚಾಯತ್ ತೆರಿಗೆ ಹಾಕುವಂತಿಲ್ಲ, ಕಾಡಿಗೆ ಹಾಕುವಂತಿಲ್ಲ. ಉಳಿಯುವುದು ಬಡವರ ಮನೆಗಳು. ಅವುಗಳ ಮೇಲೆ ಎಷ್ಟು ಹಾಕಲು ಸಾಧ್ಯ, ಎಷ್ಟು ಹಾಕುವುದು ಧರ್ಮ? ಕಾಗದದ ಮೇಲೆ ಸಮಾನ ಅಧಿಕಾರ. ಕೈಗೆ ಬರುವ ಹಣದಲ್ಲಿ ಅಜಗಜಾಂತರ.

ಈ ತಾಲೂಕುಗಳಲ್ಲಿ ಕಾಡು ಸಣ್ಣ ಸಂಗತಿಯಲ್ಲ. ಚಾಮರಾಜನಗರ ಜಿಲ್ಲೆಯ ಸುಮಾರು ಅರ್ಧ ಭಾಗ ಅರಣ್ಯ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮ, 2011ರಲ್ಲಿ ಆದ ಬಿಳಿಗಿರಿರಂಗನಾಥಸ್ವಾಮಿ ಹುಲಿ ಸಂರಕ್ಷಿತ ಪ್ರದೇಶ, 2013ರ ಮಲೆ ಮಹದೇಶ್ವರ ವನ್ಯಜೀವಿ ಧಾಮ ಈ ಸೀಮೆಯ ಸುತ್ತ ಹಬ್ಬಿವೆ. ದೇಶಕ್ಕೆ ಇದು ಸಂಪತ್ತು. ಆದರೆ ಅಲ್ಲಿನ ಪಂಚಾಯತಿಗೆ ಇದು ತೆರಿಗೆ ಬಾರದ ಜಾಗ. ರಸ್ತೆ ಮಾಡಲು, ವಿದ್ಯುತ್ ಕಂಬ ನೆಡಲು ಅನುಮತಿಗೆ ಅಲೆಯಬೇಕಾದ ಜಾಗ. ಆನೆ ಬಂದು ಬೆಳೆ ತುಳಿದು ಹೋಗುವ ಜಾಗ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಅಂಶವಿದೆ. 15ನೇ ಹಣಕಾಸು ಆಯೋಗ ರಾಜ್ಯಗಳ ಪಾಲು ಲೆಕ್ಕ ಹಾಕುವಾಗ ಅರಣ್ಯ ಮತ್ತು ಪರಿಸರಕ್ಕೆ ಶೇ. 10 ತೂಕ ಕೊಟ್ಟಿತ್ತು. ಅಂದರೆ ದೆಹಲಿಯಲ್ಲಿ ಕರ್ನಾಟಕದ ಪಾಲನ್ನು ಎಣಿಸುವಾಗ ಹನೂರು, ಯಳಂದೂರುಗಳ ದಟ್ಟ ಕಾಡೂ ಲೆಕ್ಕಕ್ಕೆ ಬಂದಿದೆ. ಆ ಕಾಡಿನ ಹೆಸರಿನಲ್ಲಿ ಬೆಂಗಳೂರಿಗೆ ಬಂದ ಹಣ ಆ ಕಾಡಿನ ಅಂಚಿನ ಹಳ್ಳಿಗೆ ಹಕ್ಕಾಗಿ ತಲುಪಬೇಕಲ್ಲವೇ? ರಾಜ್ಯವು ದೆಹಲಿಗೆ ಕೇಳುವ ಪ್ರಶ್ನೆಯನ್ನೇ ಹನೂರು ರಾಜ್ಯಕ್ಕೆ ಕೇಳಿದರೆ ಅದು ತಪ್ಪಲ್ಲ.

ಕೇಳುವ ದಾರಿ ಸಿಗದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ, ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತ ಗ್ರಾಮದಲ್ಲಿ ಮೂಲಸೌಕರ್ಯ ಇಲ್ಲವೆಂದು ಮತದಾನ ಬಹಿಷ್ಕಾರದ ಮಾತು ಎದ್ದಿತು. ಅದು ಘರ್ಷಣೆಗೆ ತಿರುಗಿ ಮತಗಟ್ಟೆಯೇ ಧ್ವಂಸವಾಯಿತು. ಮೂರು ದಿನಗಳ ಬಳಿಕ ಮರುಮತದಾನ ನಡೆಸಬೇಕಾಯಿತು. 2025ರ ಜೂನ್‌ನಲ್ಲಿ ಅದೇ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಹಿಂಸೆಯನ್ನಾಗಲಿ ವಿಷ ಹಾಕುವುದನ್ನಾಗಲಿ ಸಮರ್ಥಿಸಲು ಸಾಧ್ಯವಿಲ್ಲ. ಆದರೆ ಕಾಡನ್ನು ಉಳಿಸುವ ಭಾರವನ್ನು ಅತ್ಯಂತ ಬಡವರ ಹೆಗಲಿಗೆ ಹಾಕಿ, ಅದರ ಫಲವನ್ನು ದೂರದವರು ಉಣ್ಣುವ ವ್ಯವಸ್ಥೆ ಬಹುಕಾಲ ಶಾಂತವಾಗಿ ನಡೆಯದು.

2025ರ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟ ಮಲೆ ಮಹದೇಶ್ವರ ಬೆಟ್ಟದಲ್ಲೇ ಸಭೆ ಸೇರಿ ಈ ಭಾಗಕ್ಕೆ ಹಲವು ಯೋಜನೆಗಳನ್ನು ಘೋಷಿಸಿತು. ಸರಕಾರ ಬೆಟ್ಟ ಹತ್ತಿ ಬಂದದ್ದು ಸ್ವಾಗತಾರ್ಹ. ಆದರೆ ಸಂಪುಟ ಪ್ರತಿ ವರ್ಷ ಬರುವುದಿಲ್ಲ. ಕೃಪೆಯಿಂದ ಬಂದ ಯೋಜನೆಗೂ ಕಾನೂನಿನಿಂದ ಬರುವ ಪಾಲಿಗೂ ವ್ಯತ್ಯಾಸವಿದೆ. ಕಾನೂನಿನ ಪಾಲನ್ನು ನಂಬಿ ಒಂದು ಪಂಚಾಯತ್ ಮುಂದಿನ ಐದು ವರ್ಷಗಳ ಕೆಲಸವನ್ನು ಯೋಚಿಸಬಹುದು. ಕೃಪೆಯನ್ನು ನಂಬಿ ಹಾಗೆ ಮಾಡಲಾಗದು.

ಹೆಚ್ಚು ಅಧಿಕಾರ ಕೊಟ್ಟರೆ ಸಾಕೇ?

ಹಾಗಾದರೆ ಕೆಳಗಿನ ಸರಕಾರಗಳಿಗೆ ಹೆಚ್ಚು ತೆರಿಗೆ ಅಧಿಕಾರ ಕೊಟ್ಟುಬಿಡಿ ಎಂದರೆ ಸಮಸ್ಯೆ ತೀರುತ್ತದೆಯೇ? ಇಲ್ಲಿ ನಮಗೆ ಪರಿಚಿತರಾದ ಇಬ್ಬರು ಸಂತರ ನಾಡು ಪಾಠ ಹೇಳುತ್ತದೆ. ಸಂತ ಫ್ರಾನ್ಸಿಸ್ ಝೇವಿಯರ್ ಹುಟ್ಟಿದ್ದು ಸ್ಪೇನಿನ ನವಾರಾದಲ್ಲಿ. ಸಂತ ಇಗ್ನೇಷಿಯಸ್ ಲೊಯೋಲಾ ಹುಟ್ಟಿದ್ದು ಪಕ್ಕದ ಬಾಸ್ಕ್ ಸೀಮೆಯ ಗಿಪುಸ್ಕೋವಾದಲ್ಲಿ. ಸ್ಪೇನಿನ ಹದಿನೇಳು ಸ್ವಾಯತ್ತ ಪ್ರದೇಶಗಳಲ್ಲಿ ಈ ಎರಡಕ್ಕೆ ಮಾತ್ರ ವಿಶೇಷ ಅಧಿಕಾರವಿದೆ. ಆದಾಯ ತೆರಿಗೆ, ಕಂಪೆನಿ ತೆರಿಗೆ ಸಹಿತ ಹೆಚ್ಚುಕಡಿಮೆ ಎಲ್ಲವನ್ನೂ ಅಲ್ಲಿನವರೇ ಸಂಗ್ರಹಿಸಿಕೊಂಡು, ಕೇಂದ್ರ ಮಾಡುವ ಕೆಲಸಗಳಿಗೆಂದು ಒಂದು ಮೊತ್ತವನ್ನು ಮ್ಯಾಡ್ರಿಡ್‌ಗೆ ಕಳುಹಿಸುತ್ತಾರೆ. ಬಾಸ್ಕ್ ಒಪ್ಪಂದ 1878ರಷ್ಟು ಹಳೆಯದು. ಸರ್ವಾಧಿಕಾರಿ ಫ್ರಾಂಕೋ 1937ರಲ್ಲಿ ಎರಡು ಪ್ರಾಂತಗಳಿಂದ ಅದನ್ನು ಕಿತ್ತುಕೊಂಡ. 1981ರಲ್ಲಿ ಪ್ರಜಾಪ್ರಭುತ್ವ ಅದನ್ನು ಮರಳಿಸಿತು. ಈ ಪ್ರದೇಶಗಳು ಸ್ಪೇನಿನ ಶ್ರೀಮಂತ ಪ್ರದೇಶಗಳ ಸಾಲಿನಲ್ಲಿವೆ. ಅದೇ ಅಧಿಕಾರ ಇಲ್ಲದ, ಶ್ರೀಮಂತವೇ ಆದ ಕತಲೋನಿಯಾ ತನಗೂ ಬೇಕೆಂದು ಕೇಳುತ್ತಿದ್ದರೆ, ಬಡ ಪ್ರದೇಶಗಳು ಎಲ್ಲರೂ ಹೀಗೆ ಹೋದರೆ ನಮ್ಮ ಗತಿಯೇನು ಎಂದು ಕೇಳುತ್ತಿವೆ.

ನಮ್ಮ ದೇಶದಲ್ಲೂ ಇಂಥ ವ್ಯತ್ಯಾಸಗಳಿವೆ. ಕರಾವಳಿಯ ಅನೇಕ ಧರ್ಮಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸಿರುವ ಮೇಘಾಲಯದಲ್ಲಿ ಆರನೇ ಅನುಸೂಚಿಯ ಜಿಲ್ಲಾ ಪರಿಷತ್ತುಗಳು ಭೂಕಂದಾಯ, ವೃತ್ತಿ, ವಾಹನ, ಮಾರುಕಟ್ಟೆಗೆ ಬರುವ ಸರಕುಗಳ ಮೇಲೆ ತಾವೇ ತೆರಿಗೆ ಹಾಕಬಹುದು. ನಮ್ಮ ಬಿಳಿಗಿರಿರಂಗನ ಬೆಟ್ಟದ, ಮಹದೇಶ್ವರ ಬೆಟ್ಟದ ಸೋಲಿಗರಿಗೆ ಅಂಥ ಪರಿಷತ್ತಿಲ್ಲ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೂ ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಆಸರೆಯಿದೆ. ಚಾಮರಾಜನಗರಕ್ಕೆ ಅದೂ ಇಲ್ಲ.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ತೆರಿಗೆ ಅಧಿಕಾರವನ್ನು ಮಾತ್ರ ಹಂಚಿದರೆ ತೆರಿಗೆ ಹಾಕಲು ಏನಾದರೂ ಇರುವವರು ಇನ್ನಷ್ಟು ಬೆಳೆಯುತ್ತಾರೆ. ಹನೂರಿನ ಪಂಚಾಯತ್‌ಗೆ ನಾಳೆ ಇನ್ನೂ ಹತ್ತು ತೆರಿಗೆಗಳ ಅಧಿಕಾರ ಕೊಟ್ಟರೂ ಅದರ ಪೆಟ್ಟಿಗೆ ತುಂಬದು. ಅತ್ತ, ಹಣ ಮಾತ್ರ ಕೊಟ್ಟು ಅಧಿಕಾರ ಕೊಡದಿದ್ದರೆ ಅದು ಕೈಚಾಚುವ ಬದುಕಾಗುತ್ತದೆ. ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲೂ 2021ರಿಂದ 2026ರ ಅವಧಿಗೆ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲೆಂದು ನಿಗದಿಯಾಗಿತ್ತು. ಉದ್ದೇಶ ಒಳ್ಳೆಯದು. ಆದರೆ ತಮ್ಮ ಹಳ್ಳಿಗೆ ಮೊದಲು ಬೇಕಾದದ್ದು ಯಾವುದು ಎಂದು ತೀರ್ಮಾನಿಸುವ ಅವಕಾಶ ಜನರಿಗೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಧರ್ಮಸಭೆಯ ಬೋಧನೆ ಏನು ಹೇಳುತ್ತದೆ?

ಜಗದ್ಗುರು ಪೋಪ್ 11ನೇ ಪಿಯುಸ್ 1931ರಲ್ಲಿ ಹೊರಡಿಸಿದ 'ಕ್ವಾದ್ರಜೆಸಿಮೊ ಆನ್ನೊ' ವಿಶ್ವಪತ್ರದಲ್ಲಿ ಒಂದು ತತ್ವವನ್ನು ಮುಂದಿಟ್ಟರು. ಕೆಳಗಿನ ಹಂತದ ಸಮುದಾಯ ಮಾಡಬಲ್ಲ ಕೆಲಸವನ್ನು ಮೇಲಿನ ಹಂತ ಕಿತ್ತುಕೊಳ್ಳಬಾರದು. ಮೇಲಿನವರು ಇರುವುದು ಕೆಳಗಿನವರಿಗೆ ನೆರವಾಗಲು. ಇದು ಅಧಿಕಾರದ ಬಗೆಗಿನ ಮಾತು. ಸಂತ 23ನೇ ಜಾನ್ 1961ರ 'ಮಾತೆರ್ ಎತ್ ಮಜಿಸ್ತ್ರಾ' ವಿಶ್ವಪತ್ರದಲ್ಲಿ ಅದಕ್ಕೆ ಇನ್ನೊಂದು ತತ್ವವನ್ನು ಜೋಡಿಸಿ ವಿವರಿಸಿದರು. ತೆರಿಗೆಯ ಭಾರ ಕೊಡುವವನ ಶಕ್ತಿಗೆ ತಕ್ಕಂತಿರಬೇಕು. ಒಂದೇ ದೇಶದೊಳಗೆ ಹಿಂದುಳಿದ ಸೀಮೆಗಳಿಗೆ ಮುಖ್ಯ ಸಾರ್ವಜನಿಕ ಸೇವೆಗಳು ತಲುಪುವಂತೆ ಸರಕಾರ ನೋಡಿಕೊಳ್ಳಬೇಕು. ಅಲ್ಲಿನ ಜನರೇ ತಮ್ಮ ಏಳಿಗೆಯಲ್ಲಿ ಮುಂದಾಳುಗಳಾಗಬೇಕು. ಇದು ಒಗ್ಗಟ್ಟಿನ ಮಾತು. ಕೊರಿಂಥದ ವಿಶ್ವಾಸಿಗಳಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿ ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಹೇಳುವುದೂ ಇದನ್ನೇ: ಒಬ್ಬರಿಗೆ ಹೊರೆ ಮಾಡಿ ಇನ್ನೊಬ್ಬರಿಗೆ ಸುಖ ಕೊಡುವುದಲ್ಲ, ಸಮಾನತೆ ತರುವುದು.

ಈ ಎರಡು ತತ್ವಗಳನ್ನು ಬೇರೆ ಬೇರೆ ಮಾಡಬಾರದು. ನಮ್ಮ ಧರ್ಮಪ್ರಾಂತ್ಯಗಳಲ್ಲೇ ನೋಡಿ. ಪ್ರತಿಯೊಂದು ಇಗರ್ಜಿಗೂ ತನ್ನದೇ ಪಾಲನಾ ಮಂಡಳಿಯಿದೆ, ತನ್ನ ಲೆಕ್ಕವಿದೆ. ಆದರೆ ಸಣ್ಣ ಇಗರ್ಜಿಯ ಗುರುಗಳ ಜೀವನಾಂಶವೂ ಹಳ್ಳಿಯ ಕನ್ನಡ ಶಾಲೆಯ ಅಧ್ಯಾಪಕರ ವೇತನವೂ ಆ ಊರಿನ ವಂತಿಗೆಯಿಂದಲೇ ಬರಬೇಕು ಎಂದರೆ ಎಷ್ಟು ಕಡೆ ಬಾಗಿಲು ಮುಚ್ಚಬೇಕಾದೀತು ಎಂಬುದು ಇಗರ್ಜಿಯ ಲೆಕ್ಕ ಬರೆಯುವವರಿಗೆ ಗೊತ್ತು.

ಏನಾಗಬೇಕು?

ನಮ್ಮ ದೃಷ್ಟಿಯಲ್ಲಿ ಮೂರು ಕೆಲಸಗಳು ಮುಖ್ಯ.

ಮೊದಲನೆಯದು, ರಾಜ್ಯ ಹಣಕಾಸು ಆಯೋಗದ ವರದಿಗಳಿಗೆ ಬೆಲೆ ಬರಬೇಕು. ಕೇಂದ್ರಕ್ಕೆ ಹಣಕಾಸು ಆಯೋಗ ಇರುವಂತೆ, ರಾಜ್ಯ ಮತ್ತು ಪಂಚಾಯತ್‌ಗಳ ನಡುವೆ ಹಣ ಹಂಚಲು ಸಂವಿಧಾನದ 243ಐ ವಿಧಿಯಂತೆ ರಾಜ್ಯ ಆಯೋಗವಿದೆ. ಕರ್ನಾಟಕದ ಮೂರನೇ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕುಂದಾಪುರ ಭಾಗದ ಅಮಾಸೆಬೈಲಿನ ಎ. ಜಿ. ಕೊಡ್ಗಿಯವರು. ಐದನೇ ಆಯೋಗವನ್ನು 2023ರಲ್ಲಿ ಸಿ. ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ ರಚಿಸಲಾಯಿತು. ದೆಹಲಿಯ ಆಯೋಗದ ಒಂದೊಂದು ದಶಮಾಂಶಕ್ಕೂ ಜಗಳವಾಡುವ ನಮ್ಮ ಶಾಸಕರು ಬೆಂಗಳೂರಿನ ಆಯೋಗದ ವರದಿಯನ್ನು ಸದನದಲ್ಲಿ ಎಷ್ಟು ಹೊತ್ತು ಚರ್ಚಿಸುತ್ತಾರೆ ಎಂದು ನಾವು ಕೇಳಬೇಕು.

ಎರಡನೆಯದು, ಹಂಚಿಕೆಯ ಸೂತ್ರದಲ್ಲಿ ತೆರಿಗೆ ಹಾಕಲಾಗದ ಜಾಗಕ್ಕೆ ತೂಕ ಸಿಗಬೇಕು. ಕಾಡನ್ನು ಉಳಿಸಿಕೊಂಡ ಪಂಚಾಯತ್‌ಗೆ ಅದರ ಬದಲಾಗಿ ಒಂದು ಪಾಲು ಕಾನೂನಿನಿಂದಲೇ ಬರಬೇಕು. ಕಲ್ಲುಗಣಿಯ ವಿಷಯವೂ ಇಂಥದ್ದೇ. ಚಾಮರಾಜನಗರ ಜಿಲ್ಲೆಯ ಕರಿಕಲ್ಲು ಹೆಸರಾದದ್ದು. ಗಣಿಯ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ರಾಜ್ಯಗಳಿಗೆ ಇದು ದೊಡ್ಡ ಗೆಲುವು. ಆದರೆ ಲಾರಿಗಳು ಓಡಾಡಿ ರಸ್ತೆ ಹಾಳಾಗುವುದು, ಧೂಳು ಕುಡಿಯುವುದು ಗಣಿಯ ಪಕ್ಕದ ಹಳ್ಳಿ. ಗೆದ್ದ ಹಣದಲ್ಲಿ ಆ ಹಳ್ಳಿಗೂ ನಿಶ್ಚಿತ ಪಾಲಿರಬೇಕು.

ಮೂರನೆಯದು, ಪ್ರಾದೇಶಿಕ ಅಸಮಾನತೆಯ ಅಧ್ಯಯನಗಳು ಕಪಾಟಿಗೆ ಸೇರಬಾರದು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಹೇಳಿತು. ಅವುಗಳಲ್ಲಿ 55 ದಕ್ಷಿಣ ಕರ್ನಾಟಕದವು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು. ಹಿಂದುಳಿದಿರುವುದು ಉತ್ತರ ಮಾತ್ರ ಎಂಬ ಮಾತು ಹನೂರಿನ ಮಟ್ಟಿಗೆ ಅನ್ಯಾಯವಾಗುತ್ತದೆ.

ನಮ್ಮ ಪಾಲಿನ ಕೆಲಸ

ಇದೆಲ್ಲ ಸರಕಾರದ ಕೆಲಸ, ನಮಗೇನು ಎಂದು ಕೇಳಬಹುದು. ಧರ್ಮಸಭೆಯ ಕಾರ್ಯಕರ್ತರಾಗಿ ನಮಗೂ ಕೆಲಸವಿದೆ. ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ನಮ್ಮ ಕಿರು ಕ್ರೈಸ್ತ ಸಮುದಾಯಗಳ ಎಷ್ಟು ಮಂದಿ ಅಲ್ಲಿ ಹೋಗಿ ಕುಳಿತು, ಪಂಚಾಯತಿಗೆ ಸ್ವಂತ ತೆರಿಗೆಯಿಂದ ಎಷ್ಟು ಬಂತು, ಮೇಲಿನಿಂದ ಎಷ್ಟು ಬಂತು ಎಂದು ಕೇಳುತ್ತೇವೆ? ಮಾರ್ಟಳ್ಳಿಯಲ್ಲಾಗಲಿ ಮೂಡುಬಿದಿರೆಯ ಸುತ್ತಲಿನ ಹಳ್ಳಿಗಳಲ್ಲಾಗಲಿ ಈ ಪ್ರಶ್ನೆ ಕೇಳಲು ಯಾವ ಪದವಿಯೂ ಬೇಡ.

ಕಟ್ಟಬೇಕಾದ ತೆರಿಗೆಯನ್ನು ಕಟ್ಟುವುದೂ ನಮ್ಮ ಕೆಲಸವೇ. ಪೂಜಾಸ್ಥಳಗಳಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ಅದು ಪ್ರಾರ್ಥನೆಗಾಗಿ ಕೊಟ್ಟ ವಿನಾಯಿತಿ. ಬಾಡಿಗೆಗೆ ಬಿಟ್ಟ ಮಳಿಗೆಗೆ ಅಲ್ಲ. ಸನ್ಯಾಸಿ ಮಠವೊಂದು ಹೊಟೇಲಿನಂತೆ ವ್ಯವಹಾರ ಮಾಡಿದರೆ ಅದು ಎಲ್ಲರಂತೆ ತೆರಿಗೆ ಕೊಡಬೇಕು ಎಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ಒಂದು ಸಂದರ್ಶನದಲ್ಲಿ ನೇರವಾಗಿ ಹೇಳಿದ್ದರು. ಸಂಪನ್ಮೂಲವೇ ಕಡಿಮೆ ಇರುವ ಪಂಚಾಯತಿನಲ್ಲಿ ನಾವು ಉಳಿಸಿಕೊಂಡ ಪ್ರತಿ ರೂಪಾಯಿ ಯಾರದೋ ನಳ್ಳಿಯ ನೀರು.

2026ರ ಏಪ್ರಿಲ್‌ನಿಂದ 16ನೇ ಹಣಕಾಸು ಆಯೋಗದ ಐದು ವರ್ಷಗಳ ಅವಧಿ. ದೆಹಲಿಯಿಂದ ಕರ್ನಾಟಕಕ್ಕೆ ಬರುವ ಪಾಲಿನ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರಲಿದೆ. ರಾಜ್ಯಕ್ಕೆ ನ್ಯಾಯ ಸಿಗಲಿ ಎಂದು ನಾವೂ ದನಿಗೂಡಿಸೋಣ. ಅದೇ ಉಸಿರಿನಲ್ಲಿ, ಬಂದ ಪಾಲಿನಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರುಗಳಿಗೆ ಎಷ್ಟು ಹೋಯಿತು ಎಂದು ಕೇಳೋಣ. 1956ರಲ್ಲಿ ನಮ್ಮ ಜತೆಗೇ ಈ ರಾಜ್ಯಕ್ಕೆ ಬಂದವರು ಅವರು. ಅವರಿಗಾಗಿ ಈ ಪ್ರಶ್ನೆಯನ್ನು ಕೇಳುವ ಋಣ ಕರಾವಳಿಯ ಮೇಲಿದೆ.